ಮಣ್ಣಿನ ರೇಟು

ನಾನು ದಾದಾಪೀರ್. ಹದಡಿ ರಸ್ತೆಯಲ್ಲಿ ಗುಜರಿ ಅಂಗಡಿ,
ಅಪ್ಪನ ಕಾಲದ್ದು. ತಕ್ಕಡಿಯೂ ಅಪ್ಪನದೇ.
ಕಬ್ಬಿಣಕ್ಕೊಂದು ರೇಟು, ಹಿತ್ತಾಳೆಗೊಂದು,
ರದ್ದಿಗೊಂದು, ಹಾಲಿನ ಕವರಿಗೊಂದು.
ನಿದ್ದೆಯಲ್ಲಿ ಕೇಳಿದರೂ ಹೇಳಿಬಿಡ್ತೀನಿ.

ಹಾಲಮ್ಮ ಟೀಚರ್ ಬರೋದು ಶನಿವಾರ,
ಹೈಸ್ಕೂಲಿನ ಡ್ರಾಯಿಂಗ್ ಪೀರಿಯಡ್ಡು ಮುಗಿಸಿಕೊಂಡು.
ಕೊಡೆ ಮಡಚಿ ರಾಶಿಯೊಳಗೆ ಇಳಿದರೆ
ಸೀರೆಗೆ ಗ್ರೀಸು ಹತ್ತಿದ್ದೂ ಗೊತ್ತಾಗಲ್ಲ.
ನೆಟ್ಟಗಿರೋದು ಅವರಿಗೆ ಬೇಡ.
ಮಿರಮಿರ ಮಿಂಚೋ ಕೆಟಲ್ ತೋರಿಸಿದೆ ಒಮ್ಮೆ,
ಒಳಗೆ ಇಣುಕಿ, "ಇದಕ್ಕಿನ್ನೂ ಯಾರೂ ಬಂದಿಲ್ಲ" ಅಂತ
ಪಕ್ಕಕ್ಕಿಟ್ಟರು.

ಯಾರು ಬರಬೇಕಿತ್ತು?
ತಿಳಿದದ್ದು ಟಿಫನ್ ಡಬ್ಬಿಯ ದಿನ.
ಮುಚ್ಚಳದೊಳಗೆ ಕುಂಬಾರ ಹುಳ ಗೂಡು ಕಟ್ಟಿತ್ತು,
ಐದು ಪುಟ್ಟ ಮಡಕೆ,
ಒಂದರ ಬಾಯಿ ಇನ್ನೂ ಮುಚ್ಚಿರಲಿಲ್ಲ.
ಕೆರೆಯೋಕೆ ಸ್ಕ್ರೂಡ್ರೈವರ್ ತಗೊಂಡೆ.
ಮಣ್ಣು ತೂಕಕ್ಕೆ ಬರಬಾರದು, ಅದು ವ್ಯಾಪಾರದ ಮಾತು.
"ಕೆರೀಬೇಡ ದಾದಣ್ಣ.
ಡಬ್ಬಿ ನಿನ್ನ ರೇಟಿಗೇ ಇರಲಿ. ಮಣ್ಣಿಗೆಷ್ಟು?"

ನಲವತ್ತು ವರ್ಷದಲ್ಲಿ ಬಾಯಿಗೆ ರೇಟು ಬಾರದೇ ಹೋದದ್ದು
ಅವತ್ತೇ.

ಆಮೇಲೆ ನಾನೂ ಎತ್ತಿಡತೊಡಗಿದೆ.
ಮುಚ್ಚಿದ ಮಿಲ್ಲಿನ ಬಾಬಿನ್, ನೂಲಿನ ಜಾಗದಲ್ಲಿ ಜೇಡ ಸುತ್ತಿದ್ದು.
ಭದ್ರಾ ಕಾಲುವೆ ಬತ್ತಿದಾಗ ಸಿಕ್ಕ ಹವಾಯಿ ಚಪ್ಪಲಿ,
ಉಂಗುಷ್ಠದ ತೂತಿನಲ್ಲಿ ಬಸವನಹುಳದ ಚಿಪ್ಪು.
ಮೀಟರ್ ಬಾಕ್ಸಿನಲ್ಲಿ ಗುಬ್ಬಿ ತುರುಕಿದ ಹುಲ್ಲು,
ಹುಲ್ಲಿನ ನಡುವೆ ಕರೆಂಟು ಬಿಲ್ಲಿನ ಚೂರು.

ಅವರ ಕಪ್ಪು, ಮಂಡಕ್ಕಿ ಭಟ್ಟಿಯ ಮಾಡಿನ ಮಸಿ.
ಕಂದು, ನನ್ನ ತುಕ್ಕು ಮೊಳೆ ಹುಣಸೆ ನೀರಲ್ಲಿ ನೆನೆದದ್ದು.
ಹಸಿರು ಮಾತ್ರ ಅಂಗಡಿಯ ಟ್ಯೂಬಿನದು.
"ಹಸಿರು ಮಾಡೋಕೆ ನನಗೆ ಬರಲ್ಲ"
ಅಂದರು, ಸಾಲ ಕೇಳುವವರ ದನಿಯಲ್ಲಿ.

ರಸ್ತೆ ಅಗಲ ಮಾಡಿದ ವರ್ಷ ಬಂತು ಬೇವಿನ ತುಂಡು.
ಟ್ರ್ಯಾಕ್ಟರಿನಿಂದ ನಾಲ್ಕು ಜನ ಇಳಿಸಿದರು.
ಸಸಿಯಿದ್ದಾಗ ದನ ಬಾಯಿ ಹಾಕದಿರಲಿ ಅಂತ
ಯಾರೋ ಪುಣ್ಯಾತ್ಮರು ಸುತ್ತ ನಿಲ್ಲಿಸಿದ ಕಬ್ಬಿಣದ ಪಂಜರ;
ಬಿಚ್ಚೋದು ಮರೆತಿದ್ದರು.
ಮರ ಏನು ಮಾಡೀತು,
ಸರಳನ್ನೂ ಒಳಗೆ ತಗೊಂಡು ಬೆಳೆದಿತ್ತು.
ಸಾ ಮಿಲ್ಲಿನವರು ಬೇಡ ಅಂದರಂತೆ, ಬ್ಲೇಡು ಮುರಿಯುತ್ತೆ.
ನಾನೂ ಬೇಡ ಅಂದೆ, ಕಟ್ಟಿಗೆ ನಾನು ತಗೊಳ್ಳಲ್ಲ.
ದಾನಿಗಳ ತಗಡಿತ್ತು ಮೇಲೆ. ಹೆಸರನ್ನು ತೊಗಟೆ ನುಂಗಿತ್ತು.
"ಇವರ ಸವಿನೆನಪಿಗಾಗಿ"
ಅಷ್ಟು ಉಳಿದಿತ್ತು.

ಟೀಚರ್ ಅದರ ಮುಂದೆ ನೆಲದಲ್ಲೇ ಕೂತರು.
ಚೌಕಾಸಿ ಮಾಡಲಿಲ್ಲ.

ಏಳು ತಿಂಗಳ ಮೇಲೆ ಮನೆಗೆ ಕರೆದು
ವರಾಂಡದಲ್ಲಿ ಹಳೇ ಲುಂಗಿ ಸರಿಸಿದರು.
ಗೋಡೆಯಷ್ಟು ದೊಡ್ಡ ಚಿತ್ರ.
ಸರಳು ಹೊಕ್ಕ ಕಡೆ ತೊಗಟೆ ಉಬ್ಬಿ, ದಪ್ಪ ತುಟಿಯ ಹಾಗೆ.
ನನಗೆ ಅಮ್ಮಿಯ ಬೆರಳು ಕಂಡಿತು.
ಮದುವೆಯ ಉಂಗುರ, ಐವತ್ತು ವರ್ಷ, ಮಾಂಸದೊಳಗೆ ಹೂತು.
ಮಣ್ಣಿಗೆ ಕಳಿಸೋ ದಿನ ಸೋಪು ಹಚ್ಚಿದರೂ ಬಾರದೆ
ಕಟರ್ ತಂದು ಕತ್ತರಿಸಿದವನು ನಾನೇ.
"ಏನನ್ನಿಸ್ತು?" ಅಂತ ಕೇಳಿದರು.
"ತೊಂಬತ್ತು ಕೆ.ಜಿ. ಬರಬಹುದು" ಅಂದೆ.
ನಕ್ಕು, ಟೀ ತರೋಕೆ ಒಳಗೆ ಹೋದರು.

ಈಗ ಕೇಳಿ, ಹೋದ ವಾರದ್ದು.
ಇಲಾಖೆಯವರು ಸೀಲು ಹಾಕಿದ ತಕ್ಕಡಿ ನನ್ನದು.
ಎಡಗಡೆ ತಟ್ಟೆಯ ಅಡಿಗೆ ಕುಂಬಾರ ಹುಳ ಬಂದು
ಎರಡು ಮಡಕೆ ಮುಗಿಸಿ ಮೂರನೇದಕ್ಕೆ ಕೈ ಹಾಕಿದೆ.
ಮುಳ್ಳು ವಾಲಿತು. ಗಿರಾಕಿ ಬೈದ.
ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು.

ಬಲಗಡೆ ತಟ್ಟೆಯ ಅಡಿಗೆ ನಾನೂ ಮಣ್ಣು ಮೆತ್ತಿದೆ,
ಚಿಟಿಕೆ ಚಿಟಿಕೆಯಾಗಿ, ಮುಳ್ಳು ನೆಟ್ಟಗಾಗುವ ತನಕ.
ಅದು ಇನ್ನೊಂದು ಮಡಕೆ ಕಟ್ಟಿದರೆ
ನಾನೂ ಇನ್ನೊಂದು ಚಿಟಿಕೆ.

ಟೀಚರಿಗೆ ಹೇಳಿಲ್ಲ.
ಹೇಳಿದರೆ ತಕ್ಕಡಿಯನ್ನೇ ಕೇಳ್ತಾರೆ.